ಬೀದಿಯ ಹಗ್ಗದ ಮೇಲೆ

ರೋಗ ಪತ್ತೆಹಚ್ಚಲೆಂದು ಆಸ್ಪತ್ರೆಯವರು ಹೊಸದಾಗಿ ಹಂಚಿದ ಮುಟ್ಟಿನ ಬಟ್ಟೆ ನೀಲಿಗೆ ತಿರುಗಿದರೆ ಗರ್ಭಕಂಠ ಕೆಡತೊಡಗಿದೆ ಎಂದು ಗುಳೇದಗುಡ್ಡದ ಹೆಂಗಸರಿಗೆಲ್ಲ ಗೊತ್ತಿತ್ತು. ಆದರೂ ನಾಚಿಕೆಯಿಂದ ಮುಚ್ಚಿಡುತ್ತಿದ್ದರು. ಹದಿನಾಲ್ಕಕ್ಕೇ ಮದುವೆಯಾಗಿ, ಐದು ಹೆತ್ತು, ಮಗ್ಗದ ಮುಂದೆ ತಂಬಾಕು ಜಗಿಯುತ್ತಿದ್ದ ಕಾಶವ್ವನ ಬಟ್ಟೆಯೂ ಒಂದು ದಿನ ನೀಲಿಯಾಯಿತು. ತೊಳೆದರೂ ನೀಲಿ ಹೋಗಲಿಲ್ಲ; ಆಕೆ ಅದನ್ನು ಬೀದಿಯ ಹಗ್ಗದ ಮೇಲೇ ಹರವಿದಳು.

"ಒಳಗ ತಗಿ, ಮಂದಿ ನೋಡ್ತಾರ!" ಎಂದು ಅತ್ತೆ ಗದರಿದಳು.

"ನೋಡ್ಲಿ ಅಂತನ ಹಾಕೀನ್ರಿ. ಇದಿನ್ನೂ ಕ್ಯಾನ್ಸರ್ ಆಗಿಲ್ಲ. ಈಗ ದವಾಖಾನಿಗೆ ಹ್ವಾದ್ರ ಕೆಟ್ಟಿದ್ದಷ್ಟು ಸುಟ್ಟು ತಗೀತಾರ."

ತಂಬಾಕಿನ ಚೀಲ ಎಸೆದು ಆಸ್ಪತ್ರೆಗೆ ಹೋದ ಕಾಶವ್ವ ಚಿಕಿತ್ಸೆ ಮುಗಿಸಿಕೊಂಡು ಸಂಜೆ ನಡೆದೇ ಮನೆಗೆ ಬಂದಳು.

ಮರುದಿನ ಎದುರುಮನೆಯ ಶಿವಕ್ಕ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನಂದೂ ನೀಲಿ ಆಗೈತಿ. ನನ್ ಜೋಡಿ ಬರ್ತೀಯೇನ?"

ಕಾಶವ್ವ ಉತ್ತರಿಸುವ ಮೊದಲೇ ಅತ್ತೆ ಒಳಗಿನಿಂದ ಕೂಗಿದಳು: "ಕರಕೊಂಡು ಹೋಗವ್ವಾ. ಮಗ್ಗಾ ನಾ ನೋಡ್ಕೋತೀನಿ."