ಎಂಟು ಇ-ಮೇಲ್, ಒಂದು ಸಹಿ

ಕಂಪ್ಯೂಟರ್ ಹೇಳಿತು ಎಂದರೆ ಸಾಕು, ಹಿಂದೆ ಮುಂದೆ ನೋಡದೆ ತಲೆ ಅಲ್ಲಾಡಿಸುವವರು ಇದನ್ನು ಓದಲೇಬೇಕು...

ಬೆಳಗಾವಿಯ ಹೊರವಲಯದಲ್ಲಿ ಕಬ್ಬಿಣ ಕರಗಿಸಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಒಂದು ಫೌಂಡ್ರಿ. ಅಲ್ಲಿ ಪ್ರಮೀಳಾ ಎಚ್‌ಆರ್ ಅಧಿಕಾರಿ.

ಒಂದು ಸೋಮವಾರ ಅವಳ ಟೇಬಲ್ಲಿಗೆ ಒಂದು ಜಗಳ ಬಂತು...

ಹೊಸ ಎಂಜಿನಿಯರ್ ತೇಜಸ್ ಎಂಟು ಇ-ಮೇಲ್ ಕಳಿಸಿದ್ದ. ಕುಲುಮೆಯ ಹಿರಿಯ ಕೆಲಸಗಾರ ಭರಮಪ್ಪ ಮೂರು ಸಲ, ಅದೂ ಎಲ್ಲರೆದುರು, ಕಾದ ಕಬ್ಬಿಣವನ್ನು ಅಚ್ಚಿಗೆ ಸುರಿಯಲು ಒಪ್ಪಿಲ್ಲ. ಕಾರಣ ಕೇಳಿದರೆ ಕೈಗವಸು ಕಳಚಿಟ್ಟು ಸುಮ್ಮನೆ ನಿಂತುಬಿಡುತ್ತಾನೆ...

ಭರಮಪ್ಪನಿಂದ ಮಾತ್ರ ಒಂದಕ್ಷರವೂ ಬಂದಿರಲಿಲ್ಲ.

ಪ್ರಮೀಳಾಳಿಗೆ ಅಂದು ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಎಂಟೂ ಇ-ಮೇಲ್‌ಗಳನ್ನು ಎಐಗೆ ಹಾಕಿ, ತಪ್ಪು ಯಾರದು, ಏನು ಮಾಡಬೇಕು ಎಂದು ಕೇಳಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಪುಟದ ವರದಿ ಬಂತು. ಬೇಕೆಂದೇ ಮಾಡಿದ ಅವಿಧೇಯತೆ... ಕೆಲಸದಿಂದ ತೆಗೆಯುವುದು ಸೂಕ್ತ.

ಅವಳು ಅದನ್ನು ಹಾಗೇ ಮ್ಯಾನೇಜರಿಗೆ ಕಳಿಸಿದಳು. ಅವರಿಗೆ ಖುಷಿಯೋ ಖುಷಿ. ಯಂತ್ರಕ್ಕೆ ಜಾತಿಯಿಲ್ಲ, ನೆಂಟರಿಲ್ಲ, ಇದಕ್ಕಿಂತ ನ್ಯಾಯ ಎಲ್ಲಿ ಸಿಗುತ್ತದೆ ಎಂದರು. ಕೆಲಸದಿಂದ ತೆಗೆಯುವ ಕಾಗದಕ್ಕೆ ಮಧ್ಯಾಹ್ನದೊಳಗೆ ಸಹಿ ಹಾಕಿಕೊಡಲು ಹೇಳಿದರು.

ಪೆನ್ನು ಕೈಗೆತ್ತಿಕೊಂಡಳು... ಭರಮಪ್ಪನದು ಇಪ್ಪತ್ತಾರು ವರ್ಷದ ಸರ್ವಿಸ್. ವರದಿಯನ್ನು ಒಮ್ಮೆ ಪೂರ್ತಿ ಓದೋಣ ಎನಿಸಿತು.

ಎರಡನೇ ಪುಟದ ಕೊನೆಯಲ್ಲಿ ಹೀಗಿತ್ತು: ‘ಇದು ಒಬ್ಬರ ಹೇಳಿಕೆಯನ್ನಷ್ಟೇ ಆಧರಿಸಿದೆ. ಇನ್ನೊಬ್ಬರನ್ನು ಕೇಳದೆ ತೀರ್ಮಾನಿಸಬೇಡಿ.’

ಯಂತ್ರ ಹೇಳಬೇಕಾದ್ದನ್ನು ಹೇಳಿತ್ತು. ಓದದೇ ಇದ್ದದ್ದು ಇವಳು! ಅವಳಿಗೆ ನಾಚಿಕೆಯಾಯಿತು.

ಹೆಲ್ಮೆಟ್ ಹಾಕಿಕೊಂಡು ಸೀದಾ ಶೆಡ್ಡಿಗೆ ನಡೆದಳು. ಕುಲುಮೆಯ ಮುಂದೆ ಭರಮಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋದ ಮೇಲೆ ಬಾಯಿಬಿಟ್ಟ...

“ಭಟ್ಟಿ ಮುಂದ ಅದರ ಹೆಸರ ಎತ್ತೂದಿಲ್ರಿ ನಾವು. ಮ್ಯಾಲಿನ ಶೀಟ್ ಸೋರಿ ಅಚ್ಚು ಹಸಿ ಆಗಿತ್ತು. ಹಸಿ ಅಚ್ಚಿಗೆ ಸುರದ್ರ ಸಿಡೀತೈತ್ರಿ.”

ಕುಲುಮೆಯ ಎದುರು ಅನಾಹುತದ ಹೆಸರೆತ್ತಿದರೆ ಅದನ್ನು ಕರೆದಂತೆ ಎಂಬುದು ಆ ಶೆಡ್ಡಿನ ರೂಢಿ. ಅಚ್ಚು ಸರಿಯಿಲ್ಲದಿದ್ದರೆ ಕೈಗವಸು ಕಳಚಿಡುತ್ತಾರೆ, ಅಷ್ಟೇ. ಹಳಬರಿಗೆಲ್ಲ ಅದು ಗೊತ್ತು.

ನಾಲ್ಕು ತಿಂಗಳ ಹಿಂದೆ ಬಂದ ತೇಜಸ್‌ಗೆ ಯಾರೂ ಹೇಳಿರಲಿಲ್ಲ. ಅವನ ಕೈಯಲ್ಲಿದ್ದದ್ದು ಅಚ್ಚು ಸರಿಯಿದೆ ಎನ್ನುವ ಬೆಳಗಿನ ಟೆಸ್ಟ್ ರಿಪೋರ್ಟ್. ಮೂರೂ ಸಲ ಮಳೆ ಸುರಿದದ್ದು ಅದಾದ ಮೇಲೆ.

ಕೆಲಸ ಹೋಗುವ ಹೊತ್ತಿನಲ್ಲೂ ಆಫೀಸಿಗೆ ಬಂದು ಯಾಕೆ ಹೇಳಲಿಲ್ಲ ಎಂದಳು. ಯಾರೂ ಕೇಳಲಿಲ್ಲ ಎಂದ ಭರಮಪ್ಪ. ಶೆಡ್ಡಿನ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ...

“ಮೂರೂ ಸಲ ಆ ಹುಡುಗ ಅಚ್ಚಿನ ಮಗ್ಗಲದಾಗ ನಿಂತಿದ್ದ. ನನ್ನ ನೌಕರಿ ಹೋದ್ರ ಹೋಗ್ಲಿರಿ... ಅವನ ಕಣ್ಣು ಹೋಗಿದ್ರ ಯಾರು ಕೊಡತಿದ್ರು?”

ಪ್ರಮೀಳಾಳ ಕಣ್ಣು ತುಂಬಿ ಬಂತು.

ಅಲ್ಲಿಂದ ನೇರ ಮ್ಯಾನೇಜರ್ ಕ್ಯಾಬಿನ್ನಿಗೆ ಹೋದಳು. ತೇಜಸ್ ಅಲ್ಲೇ ಕುಳಿತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡು, ರಿಪೋರ್ಟ್ ತರಿಸಿದ್ದೂ ನೀವೇ, ಈಗ ಸಹಿ ಹಾಕದಿದ್ದರೆ ನಿಮ್ಮ ಕುರ್ಚಿಯೂ ಉಳಿಯದು ಎಂದರು.

“ರಿಪೋರ್ಟ್ ಯಂತ್ರದ್ದು ಸರ್, ಸಹಿ ನಂದು. ನಾ ಹಾಕಂಗಿಲ್ಲ. ಬೇಕಾದ್ರ ನನ್ನೂ ತೆಗೀರಿ.”

ಅವರೆದುರೇ ಕಾಗದವನ್ನು ಎರಡು ತುಂಡು ಮಾಡಿದಳು...

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ತೇಜಸ್ ಎದ್ದು ನಿಂತ. ಅವನ ಮುಖ ಬಿಳಿಚಿಕೊಂಡಿತ್ತು. ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದಷ್ಟೇ ಹೇಳಿ ಶೆಡ್ಡಿಗೆ ಓಡಿದ. ದೂರೇ ಇಲ್ಲದ ಮೇಲೆ ಸಹಿ ಕೇಳಲು ಮ್ಯಾನೇಜರಿಗೆ ಕಾರಣವೇ ಉಳಿಯಲಿಲ್ಲ.

ಇಂದಿಗೂ ಪ್ರಮೀಳಾ ಎಐ ಬಳಸುತ್ತಾಳೆ. ಆದರೆ ತಪ್ಪು ಯಾರದು ಎಂದು ಕೇಳುವುದಿಲ್ಲ. ಜಗಳದ ಇಬ್ಬರಿಗೂ ನಾನು ಯಾವ ಪ್ರಶ್ನೆ ಕೇಳಬೇಕು ಎಂದು ಕೇಳುತ್ತಾಳೆ. ಆಮೇಲೆ ಎದ್ದು ಹೋಗಿ ತಾನೇ ಕೇಳುತ್ತಾಳೆ.

ಅಂದು ಶೆಡ್ಡಿನಲ್ಲಿ ತೇಜಸ್ ಅಚ್ಚಿನ ಪಕ್ಕದಲ್ಲೇ ಭರಮಪ್ಪನ ಎದುರು ನಿಂತು ಕೈ ಮುಗಿದ. ಭರಮಪ್ಪ ಅವನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದ...

“ಎರಡ ಹೆಜ್ಜಿ ಹಿಂದ ನಿಂದ್ರಪಾ. ನಿಮ್ಮವ್ವ ದಾರಿ ಕಾಯತಿರತಾಳ.”

ತೇಜಸ್ ಬಿಕ್ಕಿ ಬಿಕ್ಕಿ ಅತ್ತ.

ವರದಿ ಬರೆಯಲು ಯಂತ್ರ ಸಾಕು... ಒಬ್ಬರ ಅನ್ನದ ಮೇಲೆ ಸಹಿ ಹಾಕಲು ಮನುಷ್ಯನೇ ಬೇಕು.

ನೀವು ಕೊನೆಯ ಸಲ ಯಾರನ್ನೋ ತಪ್ಪಿತಸ್ಥರೆಂದು ತೀರ್ಮಾನಿಸಿದಾಗ, ಅವರನ್ನೂ ಒಂದು ಮಾತು ಕೇಳಿದ್ದಿರಾ?