ಪಂಚಮಿಯ ಹತ್ತು ನಿಮಿಷ

ನಾಗರ ಪಂಚಮಿಯಂದು ಎಳ್ಳಿನ ಉಂಡಿ ತಿಂದ ಮೇಲೆ ಒಡಹುಟ್ಟಿದವರು ಹಣೆಗೆ ಮಿದುಳು ಬೆಸೆಯುವ ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷ ಗ್ರಹಿಕೆ ಅದಲುಬದಲು ಮಾಡಿಕೊಂಡು, ಒಬ್ಬರು ಕಾಣುವಂತೆ ಇನ್ನೊಬ್ಬರು ಲೋಕವನ್ನು ಕಾಣುವುದು ಈಗ ಎಲ್ಲ ಮನೆಗಳ ವಾಡಿಕೆ.

ಸಂಗನಬಸುವಿಗೆ ಆಟಿಸಂ ಇದೆಯೆಂದು ಮೂರನೇ ವರ್ಷಕ್ಕೇ ತಿಳಿದಿತ್ತು. ಅಕ್ಕ ಕಸ್ತೂರಿಗೂ ಇದೆಯೆಂದು ನಲವತ್ತಕ್ಕೆ ಗೊತ್ತಾದಾಗ ಯಾರೂ ನಂಬಲಿಲ್ಲ. ಅವಳು ಎಲ್ಲರೊಡನೆ ನಗುನಗುತ್ತ ಮಾತಾಡುವವಳು.

ಪಡಸಾಲೆಯ ತುಂಬ ನೆಂಟರಿದ್ದರು. ಇಬ್ಬರೂ ಪಟ್ಟಿ ಕಟ್ಟಿಕೊಂಡೊಡನೆ ಕಸ್ತೂರಿಗೆ ತಮ್ಮನ ಗ್ರಹಿಕೆಯಲ್ಲಿ ಉಂಡಿಯ ಒಂದೊಂದು ಎಳ್ಳೂ ಬೇರೆಬೇರೆಯಾಗಿ ಕಂಡಿತು. ಅವಳ ತಲೆಯೊಳಗೆ ಮೊದಲ ಸಲ, ಗಮನಿಸುತ್ತಲೇ ಇರಬೇಕಾದ ಯಾರ ಮುಖವೂ ಇರಲಿಲ್ಲ.

ಸಂಗನಬಸುವಿಗೆ ಕಂಡದ್ದೆಲ್ಲ ಮುಖಗಳೇ, ಜೊತೆಗೆ ಅಕ್ಕ ತನಗೆ ತಾನೇ ಕೊಟ್ಟುಕೊಳ್ಳುವ ಅಪ್ಪಣೆಗಳು: ಈಗ ನಗು, ಈಗ ಕಣ್ಣು ನೋಡು, ಸಾಕು, ಈಗ ತಲೆಯಾಡಿಸು. ಒಂದು ಗಳಿಗೆಯೂ ಬಿಡುವಿಲ್ಲ. ಅವನು ಅಕ್ಕನ ಕಡೆ ತಿರುಗಿದ.

"ದಿನಾ ಇಷ್ಟೆಲ್ಲ ಮಾಡ್ತಿಯೇನ, ಅಕ್ಕಾ?"

"ಸಣ್ಣಾಕಿ ಇದ್ದಾಗಿಂದ."

ಅವನು ಪಟ್ಟಿ ಬಿಚ್ಚಿದ. ನೆಂಟರೆದುರು ಎಂದೂ ಬಾಯಿ ಬಿಡದವನು ಎದ್ದು ನಿಂತು ಹೇಳಿದ: "ನಮ್ಮ ಅಕ್ಕಗ ಇವತ್ತು ನಗೂದಕ್ಕ ಸೂಟಿ."