ಕೆಳಮನೆಗೂ ಬೆಳಕು

ಬಿರುಗಾಳಿಗೆ ಕಂಬಗಳು ಬಿದ್ದು ವಾರವಾಗಿತ್ತು. ಲೈನ್‌ಮನ್ ಆಗಿದ್ದ ಮಗ ಊರಿಗೆಲ್ಲ ಕರೆಂಟು ಕೊಡಲು ಓಡಾಡಿ, ಮನೆಗೆ ಬಂದರೆ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಇವತ್ತೂ ಬೆಳಿಗ್ಗೆಯೇ ಹೊರಟಿದ್ದ. ಕತ್ತಲಲ್ಲಿ ತಡಕಾಡಿ ತಾಯಿಗೂ ಸಾಕಾಗಿಹೋಗಿತ್ತು. ಹಿತ್ತಲ ತೊರೆಗೆ ನೀರಿನಿಂದ ಕರೆಂಟು ತೆಗೆಯುವ ಪುಟ್ಟ ಟರ್ಬೈನ್ ಕೂರಿಸಲು ಫಿಟ್ಟರ್‌ನನ್ನು ಕರೆಸಿದಳು.

“ಚಕ್ರದ ಹತ್ತಿರ ಸೆರಗು ಜೋಪಾನ ಅಮ್ಮಾ. ಒದ್ದೆ ಕೈಯಲ್ಲಿ ಏನೂ ಮುಟ್ಟಬೇಡಿ.”

“ಹೂಂನಪ್ಪಾ.”

“ನಾನು ನೀರು ಬಿಡೋಕೆ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಇಲ್ಲದಿದ್ರೆ ನಮ್ಮ ಕರೆಂಟು ಹೊರಗಿನ ಲೈನಿಗೂ ಹರಿದುಹೋಗುತ್ತೆ.”

“ಎಷ್ಟು ಸಲ ಹೇಳ್ತೀಯೋ ಮಾರಾಯ! ಹೋಗು, ನೀರು ಬಿಡು.”

ಅವನು ತೊರೆಗಿಳಿದ. ಆಕೆ ಸ್ವಿಚ್ಚಿನ ಮುಂದೆ ನಿಂತಳು. ಹರಿದರೆ ಹರಿಯಲಿ, ಕೆಳಮನೆಯ ಬಾಣಂತಿಗೂ ಒಂದು ದೀಪವಾಗಲಿ ಎಂದುಕೊಂಡು ಹಾಗೇ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಬಲ್ಬು ಹತ್ತಿತು. ಉಸ್ಸೆಂದು ಗೋಡೆಗೊರಗಿ ಕೂತಳು.

ಕೆಳಮನೆಯಿಂದ ಬಾಣಂತಿಯ ಕೂಗು ಕೇಳಿತು: “ದೊಡ್ಡಮ್ಮಾ, ನಮ್ಮನೇಲೂ ಕರೆಂಟು ಬಂತು! ನಿಮ್ಮ ಮಗ ಇನ್ನೂ ನಮ್ಮನೆ ಮುಂದಿನ ಕಂಬದ ಮೇಲೇ ಇದ್ದಾನೆ. ಸಾಕು ಇಳಿಯಪ್ಪಾ ಅಂದ್ರೆ ಓಗೊಡ್ತಾನೇ ಇಲ್ಲ!”